ಟ್ರಂಕಿನಲ್ಲಿ ಸೋಪು ಇಟ್ಟರೆ ಸಾಕೆ? ಒಗೆಯುವುದನ್ನೂ ಕಲಿಸಿ ಕಳಿಸಿ

ಮೇ ತಿಂಗಳು ಮುಗಿಯುತ್ತ ಬಂತೆಂದರೆ ನಮ್ಮ ರಾವಂದೂರಿನ ಕಡೆ ಎರಡು ಗಡಿಬಿಡಿ ಒಟ್ಟಿಗೇ ಶುರುವಾಗುತ್ತವೆ. ಹೊಲದಲ್ಲಿ ಹೊಗೆಸೊಪ್ಪಿನ ಸಸಿ ನಾಟಿ. ಮನೆಯಲ್ಲಿ ಮಕ್ಕಳನ್ನು ಹಾಸ್ಟೆಲಿಗೆ ಕಳಿಸುವ ತಯಾರಿ. ಹತ್ತನೆಯ ತರಗತಿ ಮುಗಿಸಿದವರು ಪಿಯುಸಿಗೆ ಹುಣಸೂರಿಗೋ ಮೈಸೂರಿಗೋ ಹೊರಡುತ್ತಾರೆ. ನವೋದಯ ಶಾಲೆ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕುಶಾಲನಗರದ ಹತ್ತಿರ ಕೂಡಿಗೆಯಲ್ಲಿ 2007ರಲ್ಲಿ ಶುರುವಾದ ಸೈನಿಕ ಶಾಲೆ, ಇಂಥ ಕಡೆ ಆಯ್ಕೆಯಾದವರಂತೂ ಐದನೆಯ ತರಗತಿ ದಾಟಿದ ಎಳೆಯರು. ಹತ್ತು ಹನ್ನೊಂದರ ವಯಸ್ಸಿಗೇ ತಾಯಿಯ ಸೆರಗು ಬಿಟ್ಟು ಹೋಗಬೇಕು.

ಆ ಟ್ರಂಕಿನೊಳಗೆ ನಾವೇನೇನು ತುಂಬುತ್ತೇವೆ ನೋಡಿ! ಚಕ್ಕುಲಿ, ನಿಪ್ಪಟ್ಟು, ರವೆ ಉಂಡೆ, ಚಟ್ನಿಪುಡಿ, ಮಾವಿನ ಮಿಡಿ ಉಪ್ಪಿನಕಾಯಿ, ಕೊಬ್ಬರಿ ಎಣ್ಣೆ. ಕೊನೆಗೆ ಮೂಲೆಯಲ್ಲಿ ಎರಡು ಬಟ್ಟೆ ಸೋಪು, ಒಂದು ಬ್ರಷ್ಷು. "ಬಟ್ಟೆ ಚೆನ್ನಾಗಿ ಒಗೆದುಕೊಳ್ಳಪ್ಪಾ" ಅಂತ ಬಸ್ ಸ್ಟ್ಯಾಂಡಿನಲ್ಲಿ ಒಂದು ಮಾತು ಹೇಳಿದರೆ ನಮ್ಮ ಜವಾಬ್ದಾರಿ ಮುಗಿಯಿತು. ಆದರೆ ಸೋದರಿಯರೇ, ಒಂದು ಪ್ರಶ್ನೆ ಕೇಳಲೆ? ಆ ಮಗು ಅದುವರೆಗೆ ಒಂದು ಸಲವಾದರೂ ತನ್ನ ಷರ್ಟನ್ನು ತಾನೇ ಒಗೆದಿದೆಯೆ? ಉಣ್ಣುವುದನ್ನು ಕಲಿಸಿದೆವು, ಓದುವುದನ್ನು ಕಲಿಸಿದೆವು, ಹಿರಿಯರಿಗೆ ನಮಸ್ಕಾರ ಮಾಡುವುದನ್ನೂ ಕಲಿಸಿದೆವು. ಉಟ್ಟ ಬಟ್ಟೆಯನ್ನು ಮಡಿ ಮಾಡಿಕೊಳ್ಳುವುದನ್ನು ಮಾತ್ರ ಹಾಸ್ಟೆಲಿನ ನಲ್ಲಿಯ ಕೆಳಗೆ ಅದೇ ಕಲಿಯಲಿ ಅಂತ ಬಿಟ್ಟುಬಿಡುತ್ತೇವೆ.

ಶನಿವಾರ ಮಧ್ಯಾಹ್ನ ಮೈಸೂರಿನಿಂದ ಹುಣಸೂರು ದಾರಿಯಾಗಿ ಬರುವ ಬಸ್ಸುಗಳಲ್ಲಿ ಕೂತು ನೋಡಿ. ಕಾಲೇಜು ಹುಡುಗ ಹುಡುಗಿಯರ ಕಾಲ ಬಳಿ ಉಬ್ಬಿದ ಚೀಲಗಳು. ಒಳಗೇನು ಪುಸ್ತಕವೆ? ಅಲ್ಲ, ವಾರವಿಡೀ ಕೂಡಿಟ್ಟ ಕೊಳೆ ಬಟ್ಟೆ! 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣು ಮಕ್ಕಳಿಗೆ ಬಸ್ ಚಾರ್ಜೂ ಇಲ್ಲ. ಮಕ್ಕಳು ಮನೆಗೆ ಬರುವುದು ಹೆಚ್ಚಾಯಿತು, ಸಂತೋಷವೇ. ಆದರೆ ಅಮ್ಮನಿಗೆ ಭಾನುವಾರ ಅನ್ನುವುದು ಒಗೆಯುವ ಕಲ್ಲಿನ ಮುಂದೆಯೇ ಕಳೆದುಹೋಗುತ್ತದೆ. ಮಗ ಮಲಗಿರುತ್ತಾನೆ, ಮಗಳು ಮೊಬೈಲು ನೋಡುತ್ತಿರುತ್ತಾಳೆ, ತಾಯಿ ಸೊಂಟ ಹಿಡಿದುಕೊಂಡು ಜೀನ್ಸ್ ಪ್ಯಾಂಟು ಹಿಂಡುತ್ತಿರುತ್ತಾಳೆ. "ಪಾಪ, ವಾರವೆಲ್ಲ ಓದಿ ಸುಸ್ತಾಗಿದ್ದಾರೆ" ಅಂತ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ.

ಒದ್ದೆ ಬಟ್ಟೆಯಿಂದ ಓದು ನಿಂತೀತು

ಇದೇನು ಇಷ್ಟು ದೊಡ್ಡ ವಿಷಯವೆ ಅಂತ ಕೆಲವರಿಗೆ ಅನ್ನಿಸಬಹುದು. ನಮ್ಮ ಬೀದಿಯಲ್ಲೇ ನಡೆದ ಸಂಗತಿ ಹೇಳುತ್ತೇನೆ, ಹೆಸರು ಬೇಡ. ಬುದ್ಧಿವಂತ ಹುಡುಗ. ಒಳ್ಳೆಯ ನಂಬರು ತೆಗೆದು ದೂರದ ಹಾಸ್ಟೆಲಿಗೆ ಸೇರಿದ. ಎರಡು ತಿಂಗಳಿಗೆ ಮನೆಗೆ ಬಂದವನು "ನಾನು ವಾಪಸ್ ಹೋಗಲ್ಲ" ಅಂತ ಕೂತ. ಪಾಠ ಕಷ್ಟವಾಯಿತೇನೋ ಅಂತ ತಂದೆ ಅಂದುಕೊಂಡರು. ಊಟ ಸೇರಲಿಲ್ಲವೇನೋ ಅಂತ ತಾಯಿ ಅಂದುಕೊಂಡರು. ನಿಜ ಗೊತ್ತಾದದ್ದು ಅಕ್ಕ ಅವನ ಟ್ರಂಕು ತೆಗೆದಾಗ. ತಳದಲ್ಲಿ ಅರೆ ಒದ್ದೆಯಾದ ಬಟ್ಟೆಗಳ ಗಂಟು, ಮೂಗು ಮುಚ್ಚಿಕೊಳ್ಳುವಂಥ ವಾಸನೆ, ಬನಿಯನ್ನಿನ ಮೇಲೆಲ್ಲ ಕಪ್ಪು ಬೂಷ್ಟು. ಒಗೆಯಲು ಬಾರದೆ ಅದೇ ಎರಡು ಷರ್ಟು ತಿರುಗಿಸಿ ಮುರುಗಿಸಿ ಹಾಕಿಕೊಂಡಿದ್ದಾನೆ. ಪಕ್ಕದವರು ದೂರ ಸರಿದು ಕೂತಿದ್ದಾರೆ, ಅಡ್ಡಹೆಸರು ಇಟ್ಟು ನಕ್ಕಿದ್ದಾರೆ. ತೊಡೆ ಸಂದಿಯಲ್ಲಿ ಹುಳುಕಡ್ಡಿ ಎದ್ದಿದೆ. ಹೇಳಿಕೊಳ್ಳಲು ನಾಚಿಕೆ. ಕೊನೆಗೆ ಓದೇ ಬೇಡ ಅನ್ನುವ ಮಟ್ಟಕ್ಕೆ ಬಂದಿದ್ದ!

ಅಕ್ಕ ಜಾಣೆ. ಬಯ್ಯಲಿಲ್ಲ. ಡಾಕ್ಟರ ಹತ್ತಿರ ತೋರಿಸಿ, ಆಮೇಲೆ ಎರಡು ದಿನ ಅವನ ಜೊತೆ ಕಲ್ಲಿನ ಹತ್ತಿರ ಕೂತು ಒಂದೊಂದೇ ಬಟ್ಟೆ ಒಗೆಸಿದಳು. ಹುಡುಗ ವಾಪಸ್ ಹೋದ, ಓದು ಮುಂದುವರಿಸಿದ. ಎರಡು ದಿನದಲ್ಲಿ ಮುಗಿಯುವ ಪಾಠ ಅದು. ಆ ಪಾಠ ಹೊರಡುವ ಮೊದಲೇ ಆಗಿದ್ದರೆ ಆ ಮಗುವಿಗೆ ಎರಡು ತಿಂಗಳ ಸಂಕಟ ತಪ್ಪುತ್ತಿತ್ತಲ್ಲವೆ?

"ಗಂಡು ಹುಡುಗನ ಕೈಲಿ ಒಗೆಸ್ತೀಯಾ?"

ಈ ವಿಷಯ ಎತ್ತಿದರೆ ಮನೆಯಲ್ಲಿ ಮೊದಲು ಆಕ್ಷೇಪ ಬರುವುದು ಹಿರಿಯರಿಂದ. "ಏನಮ್ಮಾ, ನೀನಿದ್ದೂ ಗಂಡು ಹುಡುಗನ ಕೈಲಿ ಬಟ್ಟೆ ಒಗೆಸ್ತೀಯಾ? ಮನೆಯಲ್ಲಿ ಹೆಣ್ಣು ದಿಕ್ಕಿಲ್ಲವೆ?" ಅಂತ ಅತ್ತೆ ಕೇಳುತ್ತಾರೆ. ಎದುರು ವಾದಿಸುವುದು ಬೇಡ. "ಇಲ್ಲಿ ನಾನಿದ್ದೀನಿ ಅತ್ತೆ. ಅಲ್ಲಿ ಹಾಸ್ಟೆಲಿನಲ್ಲಿ ನಾನೂ ಇರಲ್ಲ, ನೀವೂ ಇರಲ್ಲ. ಮೊಮ್ಮಗ ಕೊಳೆ ಬಟ್ಟೇಲಿ ನಾಲ್ಕು ಜನರ ಮುಂದೆ ನಿಂತರೆ ನಿಮಗೆ ಚೆಂದವೆ?" ಅಂತ ಮೆಲ್ಲಗೆ ಹೇಳಿ ನೋಡಿ. ಮೊಮ್ಮಗನ ಮರ್ಯಾದೆ ಅಂದರೆ ಅಜ್ಜಿಯರು ಬೇಗ ಕರಗುತ್ತಾರೆ. ಕಲಿಸಲು ಅವರೇ ಮುಂದಾದರೂ ಆಶ್ಚರ್ಯವಿಲ್ಲ.

ಗಂಡಸರು ಬಟ್ಟೆ ಒಗೆದರೆ ಕಡಿಮೆ ಅಂತ ಹೇಳುವವರಿಗೆ ಗಾಂಧೀಜಿಯವರ ವಿಷಯ ನೆನಪಿಸಿ. ದಕ್ಷಿಣ ಆಫ್ರಿಕಾದಲ್ಲಿ ವಕೀಲರಾಗಿದ್ದಾಗ ಅಗಸನ ಬಿಲ್ಲು ಜಾಸ್ತಿಯಾಯಿತೆಂದು ಅವರು ಒಗೆಯುವ ಸಾಮಾನು ತಂದು, ಅದರ ಬಗ್ಗೆ ಪುಸ್ತಕ ಓದಿ ಕಲಿತರು, ಕಸ್ತೂರಬಾ ಅವರಿಗೂ ಕಲಿಸಿದರು. ಮೊದಲ ಸಲ ಕಾಲರಿಗೆ ಗಂಜಿ ಹೆಚ್ಚಾಗಿ, ಇಸ್ತ್ರಿ ಸಾಕಷ್ಟು ಕಾಯದೆ, ಕೋರ್ಟಿನಲ್ಲಿ ಕೊರಳಿಂದ ಗಂಜಿ ಉದುರಿತಂತೆ. ಜೊತೆಯ ವಕೀಲರು ನಕ್ಕರಂತೆ. ಅವರು ನಾಚಲಿಲ್ಲ, ಬಿಡಲೂ ಇಲ್ಲ. ಆತ್ಮಕಥೆಯಲ್ಲಿ ಇದನ್ನೆಲ್ಲ ಅವರೇ ಬರೆದುಕೊಂಡಿದ್ದಾರೆ. ಮುಂದೆ ಗೋಖಲೆಯವರು ಅಲ್ಲಿಗೆ ಹೋಗಿದ್ದಾಗ, ರಾನಡೆಯವರು ಕೊಟ್ಟಿದ್ದ ಅವರ ಅಮೂಲ್ಯವಾದ ಉತ್ತರೀಯಕ್ಕೆ ಇಸ್ತ್ರಿ ಹಾಕಿಕೊಟ್ಟು ಶಹಭಾಸ್ ಅನ್ನಿಸಿಕೊಂಡರು. ಮಕ್ಕಳಿಗೆ ಈ ಕಥೆ ಹೇಳಿ, ಖುಷಿಪಡುತ್ತಾರೆ.

ಅಷ್ಟು ದೂರವೇಕೆ? ನಮ್ಮ ತುಮಕೂರಿನ ಸಿದ್ಧಗಂಗಾ ಮಠವಿದೆ. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮೀಜಿಯವರು ಬೆಳೆಸಿದ ಆ ಮಠದಲ್ಲಿ ಸಾವಿರಾರು ಬಡಮಕ್ಕಳು ಉಚಿತವಾಗಿ ಉಂಡು ಓದುತ್ತಾರೆ. ಅವರೆಲ್ಲ ತಮ್ಮ ತಟ್ಟೆ ತಾವೇ ತೊಳೆದು, ತಮ್ಮ ಬಟ್ಟೆ ತಾವೇ ಒಗೆದುಕೊಂಡೇ ಬೆಳೆಯುವುದು. ಹಿಂದೆ ಮೈಸೂರಿನಲ್ಲಿ ವಾರಾನ್ನ ಉಂಡು ಓದಿದ ಹುಡುಗರ ಪಾಡೂ ಅದೇ. ಇದ್ದ ಎರಡು ಜೊತೆ ಬಟ್ಟೆಯಲ್ಲಿ ಒಂದನ್ನು ಒಗೆದು ಹಾಕಿ ಇನ್ನೊಂದನ್ನು ಉಡಬೇಕಿತ್ತು. ಹನ್ನೆರಡನೆಯ ಶತಮಾನದ ಮಡಿವಾಳ ಮಾಚಿದೇವರು ಶರಣರ ಬಟ್ಟೆಗಳನ್ನು ಮಡಿ ಮಾಡುವುದನ್ನೇ ಕಾಯಕವೆಂದು ಹಿಡಿದವರು. ಕೊಳೆ ತೆಗೆಯುವ ಕೆಲಸವನ್ನು ಕೀಳು ಅಂತ ಮಕ್ಕಳ ಮುಂದೆ ಯಾರೂ ಅನ್ನಬಾರದು. ಅಂದರೆ ಆ ಕೆಲಸ ಮಾಡಿ ಬದುಕುವವರನ್ನೂ ಅವರು ಕೀಳಾಗಿ ಕಾಣಲು ಕಲಿಯುತ್ತಾರೆ.

ಇನ್ನೊಂದು ಲೆಕ್ಕವಿದೆ, ಕೇಳಿ. 2019ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲೆಲ್ಲ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಆರು ವರ್ಷ ಮೇಲ್ಪಟ್ಟ ನೂರು ಹೆಂಗಸರಲ್ಲಿ 81 ಮಂದಿ ದಿನವೂ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದರು. ಗಂಡಸರಲ್ಲಿ ನೂರಕ್ಕೆ 26 ಮಂದಿ ಮಾತ್ರ. ಹೀಗೆ ಕೆಲಸ ಮಾಡುವವರಲ್ಲೂ ಹೆಂಗಸರದು ದಿನಕ್ಕೆ ಸರಾಸರಿ 299 ನಿಮಿಷ, ಅಂದರೆ ಹತ್ತಿರ ಹತ್ತಿರ ಐದು ಗಂಟೆ; ಗಂಡಸರದು 97 ನಿಮಿಷ. ಈ ಲೆಕ್ಕ ಸರ್ಕಾರದ ಆದೇಶದಿಂದ ಬದಲಾಗುವುದಿಲ್ಲ. ನಮ್ಮ ಬಚ್ಚಲಿನಲ್ಲಿ, ನಮ್ಮ ಮಗನ ಕೈಯಲ್ಲಿ ಬದಲಾಗಬೇಕು. ಮುಂದೆ ನಮ್ಮ ಮನೆಗೆ ಬರುವ ಸೊಸೆಯೂ ಕೆಲಸಕ್ಕೆ ಹೋಗುವವಳಾಗಬಹುದು. ನಮ್ಮ ಮಗಳು ಹೋಗುವ ಮನೆಯಲ್ಲಿ ಅಳಿಯ ಕೈಜೋಡಿಸಬೇಕು ಅಂತ ನಾವು ಬಯಸುತ್ತೇವಲ್ಲ, ಆ ಸೊಸೆಯ ತಾಯಿಯೂ ಹಾಗೇ ಬಯಸುತ್ತಾಳೆ.

ಯಾವ ವಯಸ್ಸಿಗೆ ಏನು?

ಹೊರಡುವ ವಾರ ಎಲ್ಲವನ್ನೂ ತಲೆಗೆ ತುಂಬಿದರೆ ಆಗೋದಿಲ್ಲ. ಚಿಕ್ಕಂದಿನಿಂದ ಒಂದೊಂದೇ ಮೆಟ್ಟಿಲು ಹತ್ತಿಸಬೇಕು.

ಆರೇಳು ವರ್ಷಕ್ಕೆ: ಬಿಚ್ಚಿದ ಬಟ್ಟೆಯನ್ನು ಮಂಚದ ಮೇಲೆ ಬಿಸಾಡದೆ ಕೊಳೆ ಬುಟ್ಟಿಗೆ ಹಾಕುವುದು, ಜೇಬು ನೋಡುವುದು, ಕರ್ಚೀಫು ಮತ್ತು ಕಾಲುಚೀಲ ತಿಕ್ಕುವುದು. ನೀರಾಟ ಅವರಿಗೂ ಇಷ್ಟವೇ.

ಎಂಟರಿಂದ ಹತ್ತಕ್ಕೆ: ಸ್ನಾನಕ್ಕೆ ಹೋದಾಗ ತಮ್ಮ ಚಡ್ಡಿ, ಬನಿಯನ್ನು ತಾವೇ ಒಗೆದು ಹರವುವುದು. ಇದೊಂದು ಅಭ್ಯಾಸವಾದರೆ ಅರ್ಧ ಗೆದ್ದ ಹಾಗೆ. ಒಣಗಿದ ಬಟ್ಟೆ ಮಡಚಿ ಗೂಡಿಗೆ ಇಡುವುದನ್ನೂ ಈ ವಯಸ್ಸಿಗೇ ಕಲಿಸಿ.

ಹನ್ನೊಂದು ಹನ್ನೆರಡಕ್ಕೆ: ಸ್ಕೂಲ್ ಯೂನಿಫಾರಂ, ಟವಲು. ಕಾಲರು ಮತ್ತು ತೋಳಿನ ಅಂಚು ತಿಕ್ಕುವ ರೀತಿ. ವಸತಿ ಶಾಲೆಗೆ ಹೋಗುವ ಮಗುವಾದರೆ ಇಷ್ಟು ಬಂದೇ ಇರಬೇಕು.

ಹದಿಮೂರರಿಂದ ಹದಿನೈದಕ್ಕೆ: ತಮ್ಮ ಎಲ್ಲ ಬಟ್ಟೆ, ಜೊತೆಗೆ ತಿಂಗಳಿಗೆರಡು ಸಲ ತಮ್ಮ ಹಾಸಿಗೆಯ ದುಪ್ಪಟಿ, ದಿಂಬಿನ ಚೀಲ. ಗುಂಡಿ ಹೊಲಿಯುವುದು, ಬಿಟ್ಟುಹೋದ ಹೊಲಿಗೆಗೆ ಎರಡು ಹೆಣಿಗೆ ಹಾಕುವುದು.

ಹದಿನಾರರ ಮೇಲೆ: ಇಸ್ತ್ರಿ, ಸ್ವೆಟರ್ ಒಗೆಯುವುದು, ಕಲೆ ತೆಗೆಯುವುದು, ಮನೆಯಲ್ಲಿ ಮಿಷನ್ನಿದ್ದರೆ ಅದನ್ನು ನಡೆಸುವುದು.

ಒಂದು ಬಕೀಟಿನ ಪಾಠ

ಹಾಸ್ಟೆಲಿನಲ್ಲಿ ಒಗೆಯುವ ಕಲ್ಲು ಸಿಗುತ್ತದೋ ಇಲ್ಲವೋ. ಹಾಗಾಗಿ ಒಂದು ಬಕೀಟು, ಒಂದು ಮಗ್ಗು, ಒಂದು ಬ್ರಷ್ಷು, ಇಷ್ಟರಲ್ಲೇ ಒಗೆಯುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿಸಿ.

ಮೊದಲು ವಿಂಗಡಣೆ. ಬಿಳಿಯದು ಬೇರೆ, ಬಣ್ಣದ್ದು ಬೇರೆ. ಹೊಸ ಬಟ್ಟೆ ಬಣ್ಣ ಬಿಡುತ್ತದೋ ಎಂದು ತಿಳಿಯಲು ಒದ್ದೆ ಮಾಡಿದ ಬಿಳಿ ಬಟ್ಟೆಯ ತುಂಡನ್ನು ಒಳಹೊಲಿಗೆಯ ಹತ್ತಿರ ಒತ್ತಿ ನೋಡಬೇಕು. ಬಣ್ಣ ಹತ್ತಿದರೆ ಅದನ್ನು ಮೂರು ನಾಲ್ಕು ಸಲ ಒಂಟಿಯಾಗಿಯೇ ಒಗೆಯಬೇಕು.

ಆಮೇಲೆ ಅರ್ಧ ಬಕೀಟಿಗಿಂತ ತುಸು ಹೆಚ್ಚು ನೀರಿಗೆ ಒಂದು ದೊಡ್ಡ ಚಮಚ ಸೋಪಿನ ಪುಡಿ ಹಾಕಿ, ಪುಡಿ ಪೂರ್ತಿ ಕರಗಿದ ಮೇಲೆ ನಾಲ್ಕೈದು ಬಟ್ಟೆ ಮುಳುಗಿಸಬೇಕು. ಮಕ್ಕಳು ಮಾಡುವ ತಪ್ಪೆಂದರೆ ಬಟ್ಟೆಯ ಮೇಲೇ ಪುಡಿ ಸುರಿಯುವುದು. ನೊರೆ ಹೆಚ್ಚಾದಷ್ಟೂ ಚೊಕ್ಕಟ ಅನ್ನುವುದು ಸುಳ್ಳು. ಹೆಚ್ಚಾದ ಪುಡಿ ಬಟ್ಟೆಯಲ್ಲೇ ಉಳಿದು ಮೈ ನವೆಯಾಗುತ್ತದೆ.

ನೆನೆಯುವುದು ಅರ್ಧ ಗಂಟೆ ಸಾಕು. ರಾತ್ರಿ ನೆನೆಹಾಕಿ "ನಾಳೆ ಒಗೆಯೋಣ" ಅಂದರೆ ನಾಳೆ ನಾಡಿದ್ದಾಗುತ್ತದೆ, ನೀರು ನಾರುತ್ತದೆ, ಬಣ್ಣವೂ ಬಿಡುತ್ತದೆ. ನೆಂದ ಮೇಲೆ ಕಾಲರು, ಕಂಕುಳು, ತೋಳಿನ ಅಂಚು, ಪ್ಯಾಂಟಿನ ಕೆಳ ಅಂಚು ಈ ನಾಲ್ಕು ಜಾಗಕ್ಕೆ ಸೋಪು ಹಚ್ಚಿ ತಿಕ್ಕಬೇಕು. ಉಳಿದ ಭಾಗ ಕೈಯಲ್ಲಿ ಕುಸುಬಿದರೆ ಸಾಕು. ಕಾಲರಿಗೆ ಬ್ರಷ್ಷನ್ನು ಒಂದೇ ದಿಕ್ಕಿಗೆ ಮೆತ್ತಗೆ ಎಳೆಯಲಿ. ಪೌರುಷ ತೋರಿಸಿದರೆ ಕಾಲರು ಹರಿಯುತ್ತದೆ, ಕೊಳೆ ಹಾಗೇ ಇರುತ್ತದೆ!

ಜಾಲಿಸುವುದು ಎರಡು ಸಲ. ಮೊದಲ ನೀರು ಚೆಲ್ಲುವ ಮುನ್ನ ಬಟ್ಟೆಯನ್ನು ಚೆನ್ನಾಗಿ ಹಿಂಡಿಕೊಂಡರೆ ಎರಡನೆಯ ನೀರಿಗೆ ಸೋಪು ಬಿಡುತ್ತದೆ. ಹಿಂಡದೆ ಐದು ಬಕೀಟು ನೀರು ಸುರಿಯುವುದು ದಂಡ. ಕೊನೆಯಲ್ಲಿ ಬಟ್ಟೆಯನ್ನು ಜೋರಾಗಿ ಒದರಿ, ಸುಕ್ಕು ಬಿಡಿಸಿ, ಬಣ್ಣದ್ದನ್ನು ಒಳಮೈ ಹೊರಗೆ ಮಾಡಿ ನೆರಳಿಗೆ, ಬಿಳಿಯದನ್ನು ಬಿಸಿಲಿಗೆ ಹರವಬೇಕು. ಒದರಿ ಹರವಿದ ಬಟ್ಟೆಗೆ ಅರ್ಧ ಇಸ್ತ್ರಿ ಆಗಿಯೇ ಇರುತ್ತದೆ.

ನೀರಿನ ಗುಣವನ್ನೂ ಹೇಳಿಕೊಡಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸುಣ್ಣದಂಥ ಲವಣಗಳು ಇರುತ್ತವೆ. ಹಳೆಯ ರೀತಿಯ ಬಾರ್ ಸೋಪು ಅದರಲ್ಲಿ ನೊರೆ ಬರದೆ ಮೊಸರೊಡೆದಂತೆ ಆಗಿ ಬಟ್ಟೆಗೆ ಬೂದಿ ಬಣ್ಣ ಹತ್ತುತ್ತದೆ. ಅಂಥ ಕಡೆ ಡಿಟರ್ಜೆಂಟ್ ಪುಡಿಯೇ ಮೇಲು. ನಮ್ಮ ಅಜ್ಜಿಯರು ಚೌಳು ಮಣ್ಣು, ಅಂಟುವಾಳದಲ್ಲಿ ಒಗೆದವರು. ಸರ್ಫ್ ನಮ್ಮ ದೇಶಕ್ಕೆ ಬಂದದ್ದು 1959ರಲ್ಲಿ, ಅಗ್ಗದ ನಿರ್ಮಾ ಶುರುವಾದದ್ದು 1969ರಲ್ಲಿ. ಆಮೇಲೆ ಸೋಪಿನ ಪುಡಿ ಸಣ್ಣ ಊರಿನ ಅಂಗಡಿಗೂ ಬಂತು. ಇವತ್ತಿಗೂ ರೇಷ್ಮೆಗೆ ಅಂಟುವಾಳದ ಸಮ ಇಲ್ಲ ಬಿಡಿ.

ಕಲೆಗಳಿಗೆ ಕೈಮದ್ದು

ಕಲೆ ಯಾವುದೇ ಇರಲಿ, ಹಸಿಯಾಗಿದ್ದಾಗಲೇ ನೋಡಿಕೊಳ್ಳಬೇಕು. ಇದು ಮೊದಲ ನಿಯಮ.

ರಕ್ತದ ಕಲೆಗೆ ತಣ್ಣೀರೇ ಆಗಬೇಕು. ಬಿಸಿನೀರು ಹಾಕಿದರೆ ಕಲೆ ಗಟ್ಟಿಯಾಗಿ ಕೂತುಬಿಡುತ್ತದೆ.

ಎಣ್ಣೆ ಕಲೆಗೆ ನೀರು ತಾಕಿಸುವ ಮೊದಲೇ ಸೋಪು ಅಥವಾ ಪಾತ್ರೆ ತೊಳೆಯುವ ದ್ರವ ಹಚ್ಚಿ ಹತ್ತು ನಿಮಿಷ ಬಿಡಲಿ.

ಸಾರಿನ ಅರಿಸಿನ ಬಿದ್ದ ಷರ್ಟಿಗೆ ಸೋಪು ಹಚ್ಚಿದರೆ ಕಲೆ ಕೆಂಪಗಾಗುತ್ತದೆ. ಮಕ್ಕಳು ಗಾಬರಿಯಾಗುತ್ತಾರೆ. ಅರಿಸಿನಕ್ಕೆ ಸೋಪಿನ ಕ್ಷಾರ ಸೇರಿದಾಗ ಆಗುವ ಬಣ್ಣ ಅದು, ಕುಂಕುಮ ಮಾಡುವುದೂ ಇದೇ ಗುಣದಿಂದ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿದರೆ ಎರಡು ಮೂರು ದಿನದಲ್ಲಿ ಮಾಸುತ್ತದೆ.

ಬಾಲ್‌ಪೆನ್ ಇಂಕಿಗೆ ಹತ್ತಿಯಲ್ಲಿ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಅದ್ದಿ ಒತ್ತಬೇಕು, ಉಜ್ಜಬಾರದು. ತುಕ್ಕಿನ ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಇಡಬೇಕು. ಹಲಸಿನ ಮೇಣಕ್ಕೆ ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಸೋಪು. ಬಾಳೆಯ ಸೊನೆ ಮಾತ್ರ ಹಟಮಾರಿ. ಬಾಳೆತೋಟಕ್ಕೆ ಹಳೆ ಬಟ್ಟೆಯಲ್ಲೇ ಹೋಗುವುದು ಜಾಣತನ.

ಒಂದು ಎಚ್ಚರಿಕೆ. ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರವವನ್ನು ಬಚ್ಚಲು ತೊಳೆಯುವ ಆಸಿಡ್ಡಿನ ಜೊತೆ ಎಂದೂ ಬೆರೆಸಬಾರದು. ವಿಷದ ಗಾಳಿ ಏಳುತ್ತದೆ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿರಿ.

ಹೊಗೆಸೊಪ್ಪಿನ ಬಟ್ಟೆ ಬೇರೆ ಇರಲಿ

ಇದು ನಮ್ಮ ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ ಕಡೆಯ ತಾಯಂದಿರಿಗೆ ಹೇಳಬೇಕಾದ ಮಾತು. ರಜೆಗೆ ಬಂದ ದೊಡ್ಡ ಮಕ್ಕಳು ಹೊಗೆಸೊಪ್ಪು ಮುರಿಯುವುದಕ್ಕೋ ಬ್ಯಾರನ್ನಿನ ಕೆಲಸಕ್ಕೋ ಕೈಹಾಕುತ್ತಾರೆ. ಹಸಿ ಸೊಪ್ಪಿನ ಅಂಟು ಕೈಗೂ ಬಟ್ಟೆಗೂ ಕಪ್ಪಗೆ ಮೆತ್ತಿಕೊಳ್ಳುತ್ತದೆ. ಮಂಜು ಮಳೆಯಲ್ಲಿ ನೆಂದ ಸೊಪ್ಪು ಮುರಿದು ಬಟ್ಟೆ ಒದ್ದೆಯಾದರೆ ಅದರ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ತಲೆಸುತ್ತು, ಓಕರಿಕೆ, ವಾಂತಿ, ತಲೆನೋವು ಬರುವುದು ಇದರಿಂದಲೇ. "ಬಿಸಿಲಿಗೆ ಹಾಗಾಗಿದೆ" ಅಂತ ಮಜ್ಜಿಗೆ ಕುಡಿಸಿ ಸುಮ್ಮನಾಗಬೇಡಿ. ಒದ್ದೆ ಬಟ್ಟೆ ತಕ್ಷಣ ಬದಲಿಸಿ, ಮೈಗೆ ಸೋಪು ಹಚ್ಚಿ ಸ್ನಾನ ಮಾಡಬೇಕು. ವಾಂತಿ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಬೇಕು. ಮಕ್ಕಳನ್ನಂತೂ ಒದ್ದೆ ಸೊಪ್ಪಿನ ಕೆಲಸಕ್ಕೆ ಇಳಿಸಲೇಬಾರದು.

ಹೊಲದ ಬಟ್ಟೆ, ಔಷಧಿ ಹೊಡೆದ ಬಟ್ಟೆ ಇವನ್ನು ಮನೆಯ ಬಟ್ಟೆಯ ಜೊತೆ, ಅದರಲ್ಲೂ ಕೂಸಿನ ಬಟ್ಟೆಯ ಜೊತೆ ನೆನೆಹಾಕಬಾರದು. ಬೇರೆ ಬಕೀಟು, ಬೇರೆ ನೀರು. ಮಕ್ಕಳು ಈ ವಿಂಗಡಣೆಯನ್ನು ಮನೆಯಲ್ಲಿ ನೋಡಿ ಕಲಿತರೆ ಮುಂದೆ ಅವರಿಗೆ ಎಲ್ಲ ಕಡೆಯೂ ಉಪಯೋಗ.

ಹೆಣ್ಣುಮಕ್ಕಳಿಗೆ ಗುಟ್ಟಿಲ್ಲದ ಮಾತು

ಹೆಣ್ಣು ಮಗುವನ್ನು ಹಾಸ್ಟೆಲಿಗೆ ಕಳಿಸುವಾಗ ತಿಂಗಳ ದಿನಗಳ ವಿಷಯ ತಾಯಿಯೇ ಬಾಯಿಬಿಟ್ಟು ಹೇಳಬೇಕು. ಬಟ್ಟೆ ಉಪಯೋಗಿಸುವವಳಾದರೆ ಅದನ್ನು ತಣ್ಣೀರಿನಲ್ಲಿ ಮೊದಲು ಬಿಡಿಸಿ, ಸೋಪು ಹಾಕಿ ಒಗೆದು, ಬಿಸಿಲಿನಲ್ಲೇ ಒಣಗಿಸಬೇಕು. ಯಾರಾದರೂ ನೋಡಿಯಾರೆಂದು ಬೇರೆ ಬಟ್ಟೆಯ ಅಡಿಯಲ್ಲೋ ಮಂಚದ ಕೆಳಗೋ ಒಣಹಾಕಿದರೆ ತೇವ ಉಳಿದು ನವೆ, ಸೋಂಕು ಬರುತ್ತದೆ. ಒಳ ಉಡುಪಿಗೂ ಇದೇ ಮಾತು. ಪ್ಯಾಡು ಉಪಯೋಗಿಸುವವಳಿಗೂ ಬಟ್ಟೆಗೆ ಕಲೆಯಾದರೆ ಏನು ಮಾಡಬೇಕೆಂದು ಗೊತ್ತಿರಬೇಕು. ಮೊದಲ ಸಲ ಕಲೆ ಕಂಡು ಅಳುತ್ತ ಕೂರುವ ಬದಲು ನೆಮ್ಮದಿಯಾಗಿ ಎದ್ದು ತೊಳೆದುಕೊಳ್ಳುವ ಧೈರ್ಯ ಬರುತ್ತದೆ.

ಕಜ್ಜಿ, ಹುಳುಕಡ್ಡಿ ಹತ್ತದಿರಲು

ಹತ್ತಾರು ಮಕ್ಕಳು ಒಂದೇ ಕಡೆ ಮಲಗುವಲ್ಲಿ ಚರ್ಮದ ಕಾಯಿಲೆ ಬೇಗ ಹರಡುತ್ತದೆ. ಹುಳುಕಡ್ಡಿ ತೇವದಲ್ಲಿ ಬೆಳೆಯುವ ಬೂಷ್ಟು. ಆದ್ದರಿಂದ ಅರೆ ಒಣಗಿದ ಚಡ್ಡಿ, ಕಾಲುಚೀಲ ಹಾಕಲೇಬಾರದು. ಟವಲು, ಒಳ ಉಡುಪು ಎಷ್ಟೇ ಗೆಳೆಯನಾದರೂ ಹಂಚಿಕೊಳ್ಳಬಾರದು. ಕಜ್ಜಿ ಹತ್ತಿದರೆ ಡಾಕ್ಟರು ಕೊಟ್ಟ ಮುಲಾಮು ಹಚ್ಚಿದ ದಿನವೇ ಉಟ್ಟ ಬಟ್ಟೆ, ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಗೆಯಲಾಗದ ಕಂಬಳಿಯಂಥದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಟ್ಟರೆ ಹುಳು ಸಾಯುತ್ತದೆ. ಮುಲಾಮು ಒಂದೇ ಹಚ್ಚಿ ಬಟ್ಟೆ ಮರೆತರೆ ಕಜ್ಜಿ ಮರುಕಳಿಸುತ್ತದೆ.

ಮಳೆಗಾಲದಲ್ಲಿ ಏನು ಮಾಡಬೇಕು?

ಕಾಲೇಜು ಶುರುವಾಗುವುದೇ ಮಳೆಗಾಲದಲ್ಲಿ. ಕೊಡಗಿನ ಅಂಚಿನ ನಮ್ಮ ಕಡೆ ಜಡಿ ಹಿಡಿದರೆ ನಾಲ್ಕು ದಿನವಾದರೂ ಬಟ್ಟೆ ಒಣಗುವುದಿಲ್ಲ. ಆಗ ದಿನಕ್ಕೊಂದೆರಡು ಬಟ್ಟೆ ಒಗೆಯುವುದೇ ಸರಿ, ಭಾನುವಾರಕ್ಕೆ ರಾಶಿ ಹಾಕಬಾರದು. ಹಿಂಡಿದ ಬಟ್ಟೆಯನ್ನು ಒಣ ಟವಲಿನಲ್ಲಿ ಸುರುಳಿ ಸುತ್ತಿ ಇನ್ನೊಮ್ಮೆ ಹಿಂಡಿದರೆ ಉಳಿದ ನೀರನ್ನು ಟವಲು ಹೀರುತ್ತದೆ. ಆಮೇಲೆ ಹ್ಯಾಂಗರಿಗೆ ಹಾಕಿ, ಮಧ್ಯೆ ಜಾಗ ಬಿಟ್ಟು, ಫ್ಯಾನಿನ ಕೆಳಗೆ ತೂಗುಹಾಕಬೇಕು. ದಪ್ಪ ಜೀನ್ಸಿನ ಬದಲು ಬೇಗ ಒಣಗುವ ಪ್ಯಾಂಟು ಎರಡು ಹೆಚ್ಚಿಗೆ ಕೊಟ್ಟುಕಳಿಸಿ. ಬೈಲಕುಪ್ಪೆಯಲ್ಲಿ ಕೊಂಡ ಉಣ್ಣೆಯ ಸ್ವೆಟರನ್ನು ತಣ್ಣೀರಿನಲ್ಲಿ ಮೃದುವಾದ ಸೋಪು ಹಾಕಿ, ತಿರುಚಿ ಹಿಂಡದೆ ಅದುಮಿ, ಟವಲಿನ ಮೇಲೆ ಚಪ್ಪಟೆಯಾಗಿ ಹರಡಿ ನೆರಳಲ್ಲಿ ಒಣಗಿಸಬೇಕು. ತಂತಿಗೆ ನೇತುಹಾಕಿದರೆ ಜೋತು ಬಿದ್ದು ಅಜ್ಜನ ನಿಲುವಂಗಿ ಆಗುತ್ತದೆ!

"ನಮ್ಮ ಮನೆಯಲ್ಲಿ ಮಿಷನ್ನಿದೆ, ಇದೆಲ್ಲ ಯಾಕೆ?" ಅನ್ನುವವರಿಗೆ ಒಂದು ಮಾತು. ಮಿಷನ್ನು ಮನೆಯಲ್ಲಿರುತ್ತದೆ, ಮಗು ಹಾಸ್ಟೆಲಿನಲ್ಲಿರುತ್ತದೆ. ಆದರೂ ಮಿಷನ್ನು ನಡೆಸುವುದನ್ನೂ ಕಲಿಸಿ. ಜೇಬು ಖಾಲಿ ಮಾಡುವುದು, ಬಣ್ಣ ಬೇರೆ ಮಾಡುವುದು, ಡ್ರಮ್ಮು ಕತ್ತಿನವರೆಗೆ ತುಂಬದಿರುವುದು ಇವೆಲ್ಲ ಅಲ್ಲೂ ಬೇಕು. ಇಸ್ತ್ರಿಗೆ ಕೈ ಒಣಗಿರಬೇಕು, ಕಾಲಿಗೆ ಚಪ್ಪಲಿ ಇರಬೇಕು. ಟೆರಿಕಾಟ್, ಪಾಲಿಯೆಸ್ಟರಿಗೆ ಕಡಿಮೆ ಕಾವು, ಹತ್ತಿಗೆ ಹೆಚ್ಚು ಕಾವು. ಎದ್ದು ಹೋಗುವಾಗ ಸ್ವಿಚ್ಚು ಆರಿಸಿ ಪ್ಲಗ್ಗು ಕೀಳಬೇಕು.

ಕಲಿಸುವವರಿಗೆ ನಾಲ್ಕು ಮಾತು

ಮೊದಲನೆಯದು, ಮಗು ಒಗೆದದ್ದನ್ನು ಅದರ ಕಣ್ಣೆದುರು ನೀವು ಮತ್ತೆ ಒಗೆಯಬೇಡಿ. "ನನ್ನ ಕೈಲಿ ಆಗಲ್ಲ, ಅಮ್ಮ ಮಾಡ್ತಾಳೆ" ಅನ್ನುವುದು ಅಲ್ಲಿಂದಲೇ ಶುರು. ಕಾಲರಿನಲ್ಲಿ ಕೊಳೆ ಉಳಿದಿದ್ದರೆ "ಇಲ್ಲಿ ಸ್ವಲ್ಪ ನೋಡು ಕಂದ" ಅಂತ ತೋರಿಸಿ, ಅದೇ ಮತ್ತೆ ತಿಕ್ಕಲಿ.

ಎರಡನೆಯದು, ಬಟ್ಟೆ ಒಗೆಸುವುದನ್ನು ಶಿಕ್ಷೆ ಮಾಡಬೇಡಿ. "ನಂಬರು ಕಡಿಮೆ ತಂದೆ, ಹೋಗಿ ಬಟ್ಟೆ ಒಗಿ" ಅಂದರೆ ಆ ಕೆಲಸದ ಮೇಲೆ ಜನ್ಮಕ್ಕಾಗುವಷ್ಟು ದ್ವೇಷ ಹುಟ್ಟುತ್ತದೆ.

ಮೂರನೆಯದು, ಮಗಳಿಗೊಂದು ನ್ಯಾಯ ಮಗನಿಗೊಂದು ನ್ಯಾಯ ಬೇಡ. ಅಣ್ಣನ ಬಟ್ಟೆ ತಂಗಿ ಒಗೆಯುವುದು, ಅವನು ಕಾಲಾಡಿಸುತ್ತ ಕೂರುವುದು ನಿಲ್ಲಬೇಕು. ಮನೆಯ ಯಜಮಾನರೂ ವಾರಕ್ಕೊಂದು ದಿನ ತಮ್ಮ ಬನಿಯನ್ನು ತಾವೇ ಒಗೆದುಕೊಂಡರೆ ನೂರು ಉಪದೇಶಕ್ಕೆ ಸಮ.

ನಾಲ್ಕನೆಯದು, ಹೊರಡುವ ಮುನ್ನ ಹದಿನೈದು ದಿನ ಪರೀಕ್ಷೆ ಇಡಿ. ಆ ಹದಿನೈದು ದಿನ ಮಗುವಿಗೆ ನಾಲ್ಕು ಜೊತೆ ಬಟ್ಟೆ, ಒಂದು ಬಕೀಟು, ಒಂದು ಸೋಪು ಮಾತ್ರ. ಒಗೆಯುವುದು, ಒಣಗಿಸುವುದು, ಮಡಚುವುದು ಎಲ್ಲ ಅದರದೇ. ನೀವು ನೋಡುತ್ತಿರಿ, ಕೈಹಾಕಬೇಡಿ. ಮೊದಲ ವಾರ ಒಂದು ದಿನ ಉಡಲು ಒಣ ಬಟ್ಟೆ ಇಲ್ಲದೆ ಪೇಚಾಡಲಿ. ಹಾಸ್ಟೆಲಿನಲ್ಲಿ ಪೇಚಾಡುವುದಕ್ಕಿಂತ ನಿಮ್ಮ ಕಣ್ಣೆದುರಿಗೇ ಆಗುವುದು ಒಳ್ಳೆಯದಲ್ಲವೆ? ಎರಡನೆಯ ವಾರಕ್ಕೆ ತಾನೇ ಆಕಾಶ ನೋಡಿ, ಇವತ್ತು ಬಿಸಿಲಿದೆ ಅಂತ ಬಕೀಟು ಹಿಡಿದು ಹೊರಡುತ್ತದೆ.

ಟ್ರಂಕು ಕಟ್ಟುವ ದಿನ ಇಷ್ಟು ಸಾಮಾನು ಮರೆಯದೆ ಇಡಿ: ಸೋಪಿನ ಪುಡಿ ಸಣ್ಣ ಡಬ್ಬಿಯಲ್ಲಿ, ಅದರೊಳಗೆ ಅಳತೆಯ ಚಮಚ, ಬಾರ್ ಸೋಪು ಒಂದು, ಮೆತ್ತನೆ ಬ್ರಷ್ಷು, ಹತ್ತು ಗಜ ನೈಲಾನ್ ಹಗ್ಗ, ಒಂದು ಡಜನ್ ಕ್ಲಿಪ್ಪು, ನಾಲ್ಕು ಹ್ಯಾಂಗರು, ಕೊಳೆ ಬಟ್ಟೆಗೆ ಗಾಳಿಯಾಡುವ ಬಟ್ಟೆಯ ಚೀಲ, ಪ್ಲಾಸ್ಟಿಕ್ಕಿನದು ಬೇಡ, ಸೂಜಿ, ಬಿಳಿ ಕಪ್ಪು ದಾರ, ನಾಲ್ಕು ಗುಂಡಿ. ಒಂದೊಂದು ಬಟ್ಟೆಯ ಒಳಪಟ್ಟಿಗೂ ಬಣ್ಣದ ದಾರದಲ್ಲಿ ಮಗುವಿನ ಹೆಸರಿನ ಮೊದಲ ಅಕ್ಷರ ಹೊಲಿದುಬಿಡಿ, ಹಗ್ಗದ ಮೇಲೆ ಅದಲು ಬದಲಾಗುವುದಿಲ್ಲ.

ಈ ವರ್ಷ ಮಕ್ಕಳು ಆಗಲೇ ಹೊರಟುಹೋಗಿದ್ದರೂ ಚಿಂತೆಯಿಲ್ಲ. ದಸರಾ ರಜೆಗೆ ಬಂದೇ ಬರುತ್ತಾರೆ, ಜೊತೆಗೆ ಆ ಉಬ್ಬಿದ ಚೀಲವೂ ಬರುತ್ತದೆ. ಚೀಲವನ್ನು ನೀವು ಬಿಚ್ಚಬೇಡಿ. ಮೊದಲು ಹೊಟ್ಟೆ ತುಂಬ ಊಟ ಹಾಕಿ, ಒಂದು ನಿದ್ದೆ ಮಾಡಲಿ. ಸಂಜೆ ಬಿಸಿಲಿರುವಾಗಲೇ ಎಬ್ಬಿಸಿ, ಬಕೀಟಿಗೆ ನೀರು ಹಿಡಿದು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತುಕೊಳ್ಳಿ. ಒಗೆಯುವುದು ಅವರ ಕೆಲಸ, ಹಾಸ್ಟೆಲಿನ ಸುದ್ದಿ ಕೇಳುವುದು ನಿಮ್ಮ ಕೆಲಸ. ಎದುರೆದುರು ಕೂರಿಸಿ ಕೇಳಿದರೆ ಹೇಳದ ಎಷ್ಟೋ ಮಾತು ಕೈ ಕೆಲಸದಲ್ಲಿದ್ದಾಗ ತಾನಾಗಿ ಬರುತ್ತದೆ.